ಎರಡೂ ಕಡೆಯ ಅವ್ವ

ಚಿಕ್ಕೋಡಿಯಲ್ಲಿ ನನಗೆ ಸತ್ಕಾರ ಮಾಡಿದ ದಿನ, ನಿರೂಪಣೆ ಮಾಡುತ್ತಿದ್ದ ಹುಡುಗಿ ನನ್ನನ್ನು "ಯಶಸ್ವಿ ಮಹಿಳಾ ಉದ್ಯಮಿ, ದಿಟ್ಟ ನಾಯಕಿ" ಎಂದು ಕರೆದಳು. ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಭಾರದ ಫಲಕ ಕೊಟ್ಟರು. ನಾನು ಕೌಟುಂಬಿಕ ವ್ಯಾಜ್ಯಗಳ ವಕೀಲೆ. ಗಂಡ ಹೆಂಡಿರ ಜಗಳ, ಜೀವನಾಂಶ, ಸೋಡಚಿಟ್ಟಿ ಎಂಬ ಬಿಡುಗಡೆ ಪತ್ರ ಇವೇ ನನ್ನ ದಿನದ ಅನ್ನ. ಇದರಲ್ಲಿ ಉದ್ಯಮ ಎಲ್ಲಿಂದ ಬಂತಪ್ಪಾ ಎಂದು ಒಳಗೊಳಗೇ ನಗು ಬಂತು. ಸುಳ್ಳೇಕೆ, ಖುಷಿಯೂ ಆಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿಯ ಮೇಲಿನ ಒಂದೇ ಖೋಲಿಯಲ್ಲಿ ಶುರುವಾದ ಕಚೇರಿ ಈಗ ನಿಪ್ಪಾಣಿಯಲ್ಲೂ ಅಥಣಿಯಲ್ಲೂ ಇದೆ. ಮೂರೂ ಕಡೆ ಕೆಲಸ ಮಾಡುವವರು ಹೆಣ್ಣುಮಕ್ಕಳೇ. ನಿಪ್ಪಾಣಿಯಲ್ಲಿ ಕಚೇರಿಯ ಫಲಕ ಹಾಕಿದಾಗ ಹಿರಿಯ ವಕೀಲರೊಬ್ಬರು, "ಏನ್ ಬಾಯಾರ, ವಕೀಲಿ ಮಾಡಾಕತ್ತೀರೋ, ದುಕಾನ ಹಾಕೀರೋ?" ಎಂದು ಕಾಲೆಳೆದಿದ್ದರು. "ದುಕಾನನ ರಿ. ನೀವೂ ಬರ್ರಿ, ಕೆಲಸ ಕೊಡ್ತೀನಿ" ಎಂದಿದ್ದೆ. ಅಂದಿನಿಂದ ಅವರು ನನ್ನ ತಂಟೆಗೆ ಬಂದಿಲ್ಲ.

ವೇದಿಕೆಯ ಮೇಲೆ ಆ ಹುಡುಗಿ, "ನಿಮ್ಮ ದೊಡ್ಡ ಗೆಲುವು ಯಾವುದು ಮೇಡಂ?" ಎಂದು ಕೇಳಿದಳು. ಅಕ್ಕೋಳದ ಒಬ್ಬ ಹೆಣ್ಣುಮಗಳನ್ನು ಹೊಡೆಯುವ ಗಂಡನಿಂದ ಬಿಡಿಸಿದ್ದು ಎಂದೆ. ಜನ ಚಪ್ಪಾಳೆ ತಟ್ಟಿದರು. ಆ ಕೇಸಿನ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧಕ್ಕೆ ಚಪ್ಪಾಳೆ ಬೀಳುತ್ತಿರಲಿಲ್ಲ.

ನನ್ನ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಮೊದಲ ಸಲ ಬಂದ ಹೆಣ್ಣುಮಗಳು ಒಬ್ಬಳೇ ನನ್ನೆದುರು ಕೂರಬೇಕು. ಜೊತೆಗೆ ಬಂದವರು ಯಾರೇ ಇರಲಿ, ಹೊರಗೆ ಕೂತು ಚಹಾ ಕುಡಿಯಬೇಕು. ನಮ್ಮ ಕಡೆ ಹೆಣ್ಣು ಬಾಯಿ ತೆರೆಯುವ ಮುಂಚೆಯೇ ಅಣ್ಣ, ಕಾಕಾ, ಮಾಮಾ ಎಲ್ಲರೂ ಅವಳ ಪರವಾಗಿ ಮಾತಾಡಿ ಮುಗಿಸಿರುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಕ್ಕೋಳದ ಆ ಹೆಣ್ಣುಮಗಳು, ಇನ್ನೂ ಹುಡುಗಿ, ತನ್ನ ತಾಯಿಯ ಜೊತೆ ನಿಪ್ಪಾಣಿಯ ಕಚೇರಿಗೆ ಬಂದಿದ್ದಳು. ಯಾರ ಕಡೆಯವರು ಎಂದು ನನ್ನ ಜೂನಿಯರ್ ಕೇಳಿದ್ದಕ್ಕೆ ತಾಯಿ, "ಎರಡೂ ಕಡೀನೂ ನಾನ ರಿ" ಎಂದಳಂತೆ. "ಅಕಿ ನನ್ನ ಮಗಳು. ಅಕಿ ಗಂಡ ನನ್ನ ಖಾಸ ತಮ್ಮ."

ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಹುಡುಗಿ ಪರರ ಮನೆಗೆ ಹೋಗುವುದಿಲ್ಲ, ತಾಯಿಗೆ ತವರೂ ತಪ್ಪುವುದಿಲ್ಲ ಎಂದು ಲೆಕ್ಕ ಹಾಕಿ ಮಾಡುತ್ತಾರೆ. ಸಂಸಾರ ಕೆಟ್ಟಾಗ ಮಾತ್ರ ಆ ಲೆಕ್ಕ ಎರಡು ತಲೆಮಾರಿನ ಹೆಂಗಸರ ಕುತ್ತಿಗೆಗೆ ಬರುತ್ತದೆ. ಈ ತಾಯಿಯ ತವರು ಕೃಷ್ಣೆಯ ದಂಡೆಯ ಜುಗೂಳ. ಅವಳ ಅವ್ವ ತಮ್ಮನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಿದ್ದಳು. ಲಂಗ ಉಡುವ ವಯಸ್ಸಿನಲ್ಲಿ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅಕ್ಕೋಳಕ್ಕೆ ಗಂಡನ ಮನೆಗೆ ಬಂದ ಮೇಲೂ ಅವನಿಗಾಗಿ ಜೀವ ಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳೇ ಮುಂದೆ ನಿಂತು ಮಗಳನ್ನು ಅವನಿಗೆ ಧಾರೆ ಎರೆದುಕೊಟ್ಟಳು.

ಹುಡುಗಿ ಒಳಗೆ ಬಂದು ಕುಪ್ಪಸದ ತೋಳು ಮೇಲೆತ್ತಿ ತೋರಿಸಿದಳು. ಬಾಸುಂಡೆಗಳು ಇನ್ನೂ ಹಸಿಯಾಗಿದ್ದವು. "ನಮ್ಮವ್ವ ಕಣ್ಣಾರೆ ನೋಡ್ಯಾಳ್ರಿ" ಎಂದಳು. "ಮಾಮಾಗ ಜ್ವರ ಬಂದಾವಂತ ಆರೈಕಿ ಮಾಡಾಕ ಜುಗೂಳಕ್ಕ ಬಂದಿದ್ಳು. ಜ್ವರ ಇಳದ ಮರುದಿನಾನ ಅವ್ವನ ಎದುರಿಗೆ ನನ್ನ ಹೊಡದ್ರು. ಅಕಿ ಯಾರ ಮುಂದೂ ಬಾಯಿ ಬಿಡವಲ್ಲಳು."

ತಾಯಿಯನ್ನು ಕರೆಸಿದೆ. ನೀವು ಸಾಕ್ಷಿ ಹೇಳದಿದ್ದರೆ ಕೇಸು ನಿಲ್ಲುವುದು ಕಷ್ಟ, ಗಂಡನ ಮನೆಯವರು ಬೇರೆ ಯಾರೂ ನಿಮ್ಮ ಮಗಳ ಪರ ನಿಲ್ಲುವುದಿಲ್ಲ ಎಂದೆ. ಆಕೆ ಸೆರಗಿನ ಚುಂಗು ಹಿಡಿದು ತಿರುವುತ್ತ, "ಕೂಡಿಸಿ ಕೊಡ್ರಿ ಅಕ್ಕಾರ. ಅಂವ ಸಿಟ್ಟಿನಾವ ಖರೆ, ಕೆಟ್ಟಾಂವ ಅಲ್ಲ" ಎಂದಳು.

ನನ್ನ ತಲೆ ಕೆಟ್ಟಿತು. "ನಿಮ್ಮ ಮಗಳು ಸತ್ತಮ್ಯಾಲೆ ಕೂಡಿಸಿ ಕೊಡ್ಲಿ ಏನು?" ಎಂದು ಗದರಿದೆ. ಆಕೆ ಅಳಲಿಲ್ಲ. ಎದ್ದು ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ.

ಆದರೆ ಕೆಲವು ದಿನಕ್ಕೆ ಮಗಳೊಬ್ಬಳೇ ಮರಳಿ ಬಂದಳು, ಕೇಸು ಹಾಕಿದೆವು. ಗಂಡ, ತಾನು ಹೆಂಡತಿಯ ಮೈಮೇಲೆ ಬೆರಳೂ ಇಟ್ಟಿಲ್ಲ ಎಂದು ಕೋರ್ಟಿಗೆ ಪ್ರಮಾಣ ಮಾಡಿ ಬರೆದುಕೊಟ್ಟ. ನಮ್ಮ ಸಾಕ್ಷಿಯ ದಿನ ಬಂತು. ಮಗಳ ಹಿಂದೆ ಹಿಂದೆ ತಾಯಿಯೂ ಬಂದಿದ್ದಳು. "ಕರೀರಿ, ಹೇಳ್ತೀನಿ" ಎಂದಳು, ಅಷ್ಟೇ. ಯಾರ ಕಡೆ ಹೇಳುತ್ತಾಳೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಟಕಟೆಯಲ್ಲಿ ನಿಂತು, ತಾನು ನೋಡಿದ್ದನ್ನು ನೋಡಿದ ಹಾಗೆಯೇ ಹೇಳಿದಳು. ಒಮ್ಮೆಯೂ ತಮ್ಮನ ಕಡೆ ತಿರುಗಲಿಲ್ಲ. ಎದುರು ವಕೀಲರು ಪಾಟಿ ಸವಾಲಿಗೆ ಎದ್ದರು.

"ಏನವ್ವಾ, ಇವನನ್ನ ಬೆಳೆಸಿದಾಕಿ ಯಾರು?"

"ನಾನ ರಿ."

"ಈ ಮದುವಿ ಮಾಡಿಸಿದಾಕಿ?"

"ನಾನ ರಿ."

"ಅಂಥ ತಮ್ಮನ ಮ್ಯಾಲೆ ಸುಳ್ಳು ಹೇಳಾಕ ಬಂದೀಯಲ್ಲ, ನಾಚಿಕಿ ಆಗೂದಿಲ್ಲ?"

ಆಕೆ ತಲೆಯೆತ್ತಿ ವಕೀಲರನ್ನೇ ನೋಡಿದಳು. ಆಮೇಲೆ, "ಸುಳ್ಳ ಹೇಳೂದಿದ್ರ ಅವನ ಕಡೆ ಹೇಳ್ತಿದ್ದೆ ರಿ" ಎಂದಳು.

ಅವರು ಮತ್ತೇನೂ ಕೇಳದೆ ಕೂತುಬಿಟ್ಟರು. ನನಗೂ ಕಣ್ಣು ತುಂಬಿ ಬಂತು. ಕಡತದೊಳಗೆ ಮುಖ ಹುದುಗಿಸಿಕೊಂಡೆ. ಹೊರಗಿನ ವರಾಂಡದಲ್ಲಿ ಆಕೆಯ ತಮ್ಮ ಎದುರು ಬಂದು ನಿಂತ. ಬೈಯಲಿಲ್ಲ, ಕೂಗಾಡಲಿಲ್ಲ. "ಇವತ್ತಿಗೆ ನನಗ ಅಕ್ಕ ಇಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಕೆ ಅವನು ಗೇಟು ದಾಟುವವರೆಗೂ ನೋಡುತ್ತಿದ್ದಳು.

ವಿಚ್ಛೇದನ ಸಿಕ್ಕಿತು. ಹುಡುಗಿ ಈಗ ನನ್ನ ನಿಪ್ಪಾಣಿ ಕಚೇರಿಯಲ್ಲೇ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಯಾರಾದರೂ ಜೋರು ಮಾಡಿ ಮಾತಾಡಿದರೆ ಅವರಿಗಿಂತ ಜೋರು ಮಾಡುವಷ್ಟು ಗಟ್ಟಿಯಾಗಿದ್ದಾಳೆ. ತೀರ್ಪಿನ ನಂತರ ಬಂದ ನಾಗರ ಪಂಚಮಿಗೆ, "ಅವ್ವ ನಿಮ್ಮನ್ನ ಉಂಡಿ ತಿನ್ನಾಕ ಕರದಾಳ್ರಿ" ಎಂದು ನನ್ನನ್ನು ಅಕ್ಕೋಳಕ್ಕೆ ಕರೆದುಕೊಂಡು ಹೋದಳು.

ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರಬೇಕು. ಅಕ್ಕನ ತಲೆ ಬೆಳ್ಳಗಾದರೂ ಬರಬೇಕು. ಆ ಮನೆಯ ಹೊಸ್ತಿಲಲ್ಲಿ ತಾಯಿ ಬಾಗಿಲಿಗೆ ಒರಗಿ ಕೂತಿದ್ದಳು. ಹಬ್ಬದ ಇಳಕಲ್ ಸೀರೆ ಉಟ್ಟಿದ್ದಳು, ತಲೆ ನುಣ್ಣಗೆ ಬಾಚಿಕೊಂಡಿದ್ದಳು. ಪಕ್ಕದಲ್ಲೊಂದು ಬಟ್ಟೆಯ ಚೀಲ. "ಮುಂಜಾನಿಂದ ಹಿಂಗ ಕುಂತಾಳ್ರಿ. ಬರಾಂಗಿಲ್ಲ ಅಂತ ಅಕಿಗೂ ಗೊತ್ತೈತಿ" ಎಂದು ಮಗಳು ಪಿಸುಗುಟ್ಟಿ ನೀರು ತರಲು ಒಳಗೆ ಹೋದಳು.

ನಾನೂ ಹೊಸ್ತಿಲ ಈಚೆಗೆ ಕೂತೆ. ಆಕೆ ದಾರಿಯ ಮೇಲಿನ ಕಣ್ಣು ಕೀಳದೆ ಕೇಳಿದಳು.

"ಅಕ್ಕಾರ, ಗಂಡ ಹೆಂಡ್ತಿನ ಬಿಡಿಸಾಕ ಕಾಯ್ದೆ ಐತಿ. ಕೂಡಿಸಾಕೂ ಐತಿ ಅಂತೀರಿ. ಅಕ್ಕ ತಮ್ಮನ್ನ ಕೂಡಿಸಾಕ ಯಾವುದರ ಐತೇನ್ರಿ?"

"ಇಲ್ಲವ್ವಾ" ಎಂದೆ.

ಆಕೆ ತಲೆಯಾಡಿಸಿದಳು. ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದು, ಒಂದು ಉಂಡಿಯನ್ನು ನನ್ನ ಅಂಗೈಯಲ್ಲಿಟ್ಟಳು.

"ಶೇಂಗಾದ್ದು ರಿ. ಅವಗ ಭಾಳ ಸೇರ್ತಾವ. ನೀವರ ತಿನ್ರಿ."