ತಿಪ್ಪೆಗೆ ಸುರಿದ ಸೂಜಿಗಳು

ಆ ಡಬ್ಬಿಯನ್ನು ಬೆಳಗಾವಿಯ ಆಸ್ಪತ್ರೆಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ಸಲ ಮುಟ್ಟಿಸಲಿಲ್ಲ. ಅದರಿಂದ ತಂಗಿಯ ಕಾಲ್ಬೆರಳುಗಳು ಹೋದವು. ತಪ್ಪು ತನ್ನದೇ ಎಂದು ಅವಳು ವರ್ಷಗಟ್ಟಲೆ ನಂಬಿಕೊಂಡು ಕುಂಟಿದಳು. ನಂಬಿಕೊಳ್ಳಲಿ ಎಂದು ಬಿಟ್ಟವಳು ನಾನು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ನನ್ನ ತವರು ಖಾನಾಪುರದಿಂದ ಜಾಂಬೋಟಿಗೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿ. ನನ್ನನ್ನು ಕೊಟ್ಟದ್ದು ಬೆಳಗಾವಿಯ ಅನಗೋಳಕ್ಕೆ. ಗಂಡ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದ. ಅಪ್ಪ ಮೊದಲೇ ತೀರಿದ್ದ. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಅವ್ವನಿಗೆ ಸಕ್ಕರೆ ಬೇನೆ ಹೆಚ್ಚಾಗಿ, ದಿನಾ ಇನ್ಸುಲಿನ್ ಸೂಜಿ ಮಾಡಬೇಕೆಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಹೇಳಿದರು. ಗದ್ದೆ, ದನ, ಅಡುಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ತಂಗಿ ಅದನ್ನೂ ಕಲಿತಳು. ಬಳಸಿದ ಸೂಜಿಯನ್ನು ಎಲ್ಲೆಂದರಲ್ಲಿ ಒಗೆಯಬೇಡಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿಡಿ, ತುಂಬಿದ ಮೇಲೆ ಇಲ್ಲಿಗೇ ತಂದುಕೊಡಿ ಎಂದು ನರ್ಸಮ್ಮ ಇಬ್ಬರಿಗೂ ತಿಳಿಸಿ ಹೇಳಿದ್ದರು.

"ಹಾಕಿಡೂದು ನಂದು, ಒಯ್ಯೂದು ನಿಂದು," ಎಂದಳು ತಂಗಿ. ನಾನು ಖುಷಿಯಿಂದ ಒಪ್ಪಿದೆ. ಅವ್ವನಿಗಾಗಿ ನಾನು ಮಾಡುತ್ತಿದ್ದದ್ದು ಅದೊಂದೇ.

ಹಾಲಿನ ಪುಡಿಯ ಹಳೆಯ ಡಬ್ಬಿ. ಮುಚ್ಚಳ ಸಡಿಲಾಗದಂತೆ ತಂಗಿ ಹಳೆ ಸೀರೆಯ ಅಂಚಿನಿಂದ ಬಿಗಿದು ಕಟ್ಟುತ್ತಿದ್ದಳು. ಖಾನಾಪುರದಿಂದ ರೈಲಿನಲ್ಲಿ ಬರುವಾಗ ಅದು ಚೀಲದೊಳಗೆ ಗಿಲಿಗಿಲಿ ಅನ್ನುತ್ತಿತ್ತು. ಒಮ್ಮೆ ದೇಸೂರಲ್ಲಿ ಹತ್ತಿದ ಕಾಯಿಪಲ್ಲೆ ಮಾರುವ ಮುದುಕಿ, "ಏನವಾ, ತವರಮನ್ಯಾಗ ಚೀಲಕ್ಕೂ ಗೆಜ್ಜಿ ಕಟ್ಟಿ ಕಳಿಸ್ಯಾರೇನ?" ಎಂದಾಗ ಬೋಗಿಯೆಲ್ಲಾ ನಕ್ಕಿತು. ನಾನೂ ನಕ್ಕೆ.

ಬೆಳಗಾವಿ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಡಬ್ಬಿ ಮರುದಿನದವರೆಗೆ ಮನೆಯಲ್ಲೇ ಇರಬೇಕಿತ್ತು. ಒಂದು ಬೆಳಿಗ್ಗೆ ನನ್ನ ಮಗ, ಇನ್ನೂ ಅಂಬೆಗಾಲಿಡುವ ಕೂಸು, ಅದನ್ನು ಗಿಲಕಿಯಂತೆ ಅಲುಗಾಡಿಸುತ್ತ ಕೂತಿದ್ದ. ಅತ್ತೆ ಕಸಿದುಕೊಂಡು ಬಿಚ್ಚಿ ನೋಡಿದರು.

"ಕೂಸಿನ ಕೈಯಾಗ ಸೂಜಿ! ಇನ್ನೊಮ್ಮೆ ಈ ಡಬ್ಬಿ ನನ್ನ ಹೊಸ್ತಿಲ ದಾಟಿದ್ರ, ನೀನೂ ಅದರ ಜೋಡಿ ನಿಮ್ಮವ್ವನ ಮನಿಗೇ ನಡಿ."

ಅವರು ಸಿಟ್ಟಾದದ್ದು ಸರಿಯೇ ಇತ್ತು. ಇದನ್ನು ತಂಗಿಗೆ ಹೇಳಿದ್ದರೆ ಅವಳೇ ಬೇರೆ ದಾರಿ ಹುಡುಕುತ್ತಿದ್ದಳು. ಇದ್ದದ್ದೊಂದು ಕೆಲಸವೂ ನನ್ನಿಂದಾಗಲಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮುಂದಿನ ಸಲ ತವರಿಗೆ ಹೋದಾಗ ಡಬ್ಬಿ ಮತ್ತೆ ತುಂಬಿತ್ತು. "ಬರ್ತೀನವ್ವಾ," ಎಂದು ಹೇಳಿ ಹೊರಬಿದ್ದವಳು ದನದ ಕೊಟ್ಟಿಗೆಯ ಹಿಂದೆ ಹೋದೆ. ಅಲ್ಲಿ ನಮ್ಮ ತಿಪ್ಪೆ. ಸಗಣಿ, ಬೂದಿ, ಮುಸುರೆ, ಎಲುಬು, ಹರಿದ ಅರಿವೆ ಎಲ್ಲವೂ ಅಲ್ಲಿಗೇ ಬೀಳುತ್ತಿದ್ದವು. 'ತಿಪ್ಪಿಗೆ ಬಿದ್ದದ್ದು ಮಣ್ಣಾಗತೈತಿ' ಎಂದು ನಮ್ಮ ಅಮ್ಮಾಯಿ, ಅವ್ವನ ಅವ್ವ, ಹೇಳುತ್ತಿದ್ದಳು. ದೀಪಾವಳಿಗೆ ತಿಪ್ಪೆಯ ಮೇಲೂ ಒಂದು ದೀಪ ಇಡುವ ಜನ ನಾವು. ಸೂಜಿಯೂ ತುಕ್ಕು ಹಿಡಿದು ಮಣ್ಣಾದೀತು ಎಂದುಕೊಂಡೆ. ಸುರಿದೆ. ಬುಟ್ಟಿ ಸಗಣಿ ಎತ್ತಿ ಮೇಲೆ ಹಾಕಿದೆ. ಅಷ್ಟು ಖಾತ್ರಿ ಇದ್ದಿದ್ದರೆ ಮುಚ್ಚುವುದು ಯಾಕೆ ಬೇಕಿತ್ತು?

ಆಮೇಲಿನ ಡಬ್ಬಿಗಳನ್ನು ಬೆಳಗಿನ ರೈಲಿಗೇ ಹೊರಟು ನೇರವಾಗಿ ಆಸ್ಪತ್ರೆಗೆ ಮುಟ್ಟಿಸಿದೆ. ಬೇಸಿಗೆಯಲ್ಲಿ ಆ ಗೊಬ್ಬರವನ್ನು ಬಂಡಿಯಲ್ಲಿ ಗದ್ದೆಗೆ ಹೇರಿದರು. ಮಳೆ ಹಿಡಿದ ಮೇಲೆ ನಾನೂ ಭತ್ತದ ನಾಟಿಗೆ ಹೋದೆ. ತಂಗಿ ನನ್ನ ಬಾಜುವಿಗೆ ಇದ್ದಳು. ಅವಳಿಗೆ ಆಗ ಒಂದು ಸಂಬಂಧ ಬಂದಿತ್ತು. ಹೆಂಗಸರು ಅದನ್ನೇ ಹಿಡಿದುಕೊಂಡು ಕಾಡುತ್ತಿದ್ದರು. "ನೀ ಸಾಲ ಸೊಟ್ಟ ಹಚ್ಚಾಕತ್ತಿ ನೋಡ, ಗಂಡ ಬಂದ ನೆಟ್ಟಗ ಮಾಡತಾನ ಬಿಡ!" ಎನ್ನುವಷ್ಟರಲ್ಲಿ ತಂಗಿ "ಅವ್ವಾ!" ಎಂದು ಕಾಲೆತ್ತಿದಳು.

"ಕಾಯ್ ಝಾಲ ಗ?" ಎಂದು ಪಕ್ಕದ ಮನೆಯ ಮರಾಠಿ ಕಾಕು ಕೇಳಿದಳು.

"ಏನಿಲ್ಲ ಕಾಕು. ಮುಳ್ಳ ಇರಬೇಕು."

ಕೆಸರು ತೊಳೆದು ನೋಡಿದಾಗ ಹೆಬ್ಬೆರಳ ಕೆಳಗೆ ಒಂದು ಹನಿ ರಕ್ತ ಮಾತ್ರ ಕಾಣಿಸಿತು. ಇದು ತಿಪ್ಪೆಯ ಸೂಜಿಯೇ ಎಂದು ನನಗೆ ಹೊಳೆಯಿತು. ಅವಳು ನನ್ನ ಮುಖ ನೋಡಿದಳು. ನಾನು, "ಹೌದು, ಮುಳ್ಳ ಇರಬೇಕು," ಎಂದೆ. ಸುರಿದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಸುಡುತ್ತದೆ. ಸೂಜಿ ಎಂದಿದ್ದರೆ ಅವಳು ಅವತ್ತೇ ಆಸ್ಪತ್ರೆಗೆ ಹೋಗುತ್ತಿದ್ದಳು.

ಅರಿಷಿಣ ಹಚ್ಚಿದರು. ಅದೇ ಕಾಲಿನಲ್ಲಿ ನಾಟಿ ಮುಗಿಸಿದಳು. ಕಾಲು ಬಾತು, ಬಣ್ಣ ತಿರುಗಿದ ಮೇಲೆ ಬೆಳಗಾವಿಗೆ ಕರೆತಂದೆವು. ಎಕ್ಸ್‌ರೇ ನೋಡಿದ ಡಾಕ್ಟರು, "ಒಳಗ ಸೂಜಿ ಮುರದೈತಿ. ಚುಚ್ಚಿದ ಕೂಡಲೇ ಯಾಕ ಬರಲಿಲ್ಲ?" ಎಂದರು. ಹೆಬ್ಬೆರಳು ಮತ್ತು ಅದರ ಬಾಜುವಿನ ಬೆರಳು ತೆಗೆಯಬೇಕಾಯಿತು. ಸಂಬಂಧದವರು ಮತ್ತೆ ಬರಲಿಲ್ಲ.

"ಕಸಾ ಹೊಡಿಯೂ ಮುಂದ ನಾನೇ ಬೀಳಿಸಿರಬೇಕು," ಎಂದಳು ತಂಗಿ. ಅವ್ವನಿಗೆ ತನ್ನ ಸೂಜಿಯೇ ಮಗಳ ಕಾಲಿಗೆ ನಟ್ಟಿತೆಂಬ ಸಂಕಟ. ಅದು ಬೈಗುಳವಾಗಿ ಹೊರಬಂತು. "ನಾಕ ಸೂಜಿ ಸಂಭಾಳಸಾಕ ಬರಲಿಲ್ಲೇನ ನಿನಗ?" ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಕಿಟಕಿಯ ಹೊರಗೆ ನೋಡಿದೆ.

ಮರುವರ್ಷ ಬೇಸಿಗೆಯಲ್ಲಿ ಗಂಡನಿಂದ ಫೌಂಡ್ರಿಯ ಅಯಸ್ಕಾಂತ ಕೇಳಿ ತಂದು, ಹಗ್ಗ ಕಟ್ಟಿ ಒಣ ಗದ್ದೆಯಲ್ಲಿ ಎಳೆದೆ. ಮೊಳೆ, ಲಾಳದ ಚೂರು ಹತ್ತಿದವು. ಸೂಜಿಗಳು ಹತ್ತಲಿಲ್ಲ; ಅವು ಸ್ಟೀಲಿನವು, ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಗಂಡ ಹೇಳಿದ. ಆಮೇಲೆ ಕೂತು ಮಣ್ಣನ್ನು ಜರಡಿ ಹಿಡಿದೆ. ಒಂದೊಂದೇ ಸಿಕ್ಕವು. ತುಕ್ಕು ಹಿಡಿದಿರಲಿಲ್ಲ, ಮೊನೆ ಹಾಗೇ ಇತ್ತು. ತಂಗಿ ಕುಂಟುತ್ತ ನೀರು ತಂದಳು. "ನಾ ಮಾಡಿದ್ದಕ್ಕ ನೀ ಬಿಸಲಾಗ ಸಾಯಾಕತ್ತಿ, ಅಕ್ಕಾ. ಒಂದ ಬಿದ್ದಿತ್ತು ಅಂದ್ಕೊಂಡಿದ್ದೆ, ಇಷ್ಟ ಬೀಳಿಸೀನೇನ ನಾನು?" ಎಂದು ಅಚ್ಚರಿಪಟ್ಟಳು. ನೀರು ಕುಡಿದೆ. ಮತ್ತೆ ಜರಡಿ ಹಿಡಿದೆ.

ಅವ್ವ ಹೋದಳು. ಕೆಲವು ವರ್ಷಗಳಲ್ಲಿ ನನಗೂ ಸಕ್ಕರೆ ಬೇನೆ ಬಂತು. ಸೂಜಿ ಮಾಡಿಕೊಳ್ಳುವುದನ್ನು ಕಲಿಸಲು ತಂಗಿ ಅನಗೋಳಕ್ಕೆ ಬಂದಳು. ಮಧ್ಯಾಹ್ನ ಊಟಕ್ಕೆ ಮುಂಚೆ ಮೊದಲ ಸೂಜಿ ಅವಳೇ ಮಾಡಿದಳು.

"ತಗಡಿನ ಡಬ್ಬಿ ಒಂದ ಕೊಡು. ಒಂದೂ ಕೆಳಗ ಬೀಳಬಾರದು ನೋಡ ಅಕ್ಕಾ. ನನ್ನಂಗ ಮಾಡಬ್ಯಾಡ."

"ನೀ ಏನೂ ಮಾಡಿಲ್ಲ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ತಿಪ್ಪಿಗೆ ಸುರುವಿದಾಕಿ ನಾನು. ಅತ್ತಿ ಬೈತಾರಂತ ಅಂಜಿ ಡಬ್ಬಿ ಒಯ್ಯಲಿಲ್ಲ. ಗದ್ದ್ಯಾಗ ನೀ ಮುಳ್ಳಂದಿ. ಅದು ಸೂಜಿ ಅಂತ ನನಗ ಗೊತ್ತಿತ್ತು."

ಅವಳು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಒತ್ತಿದಳು.

"ಅವ್ವಗ ಹೇಳಿದ್ದೇನ?"

"ಇಲ್ಲ."

"ಸಾಯೂತನಾ ನನ್ನ ಬೈದಳಲ್ಲ, ಅಕ್ಕಾ."

ನಾನು ನೆಲಕ್ಕೆ ಕೂತೆ. ಬೆರಳಿಲ್ಲದ ಆ ಜಾಗವನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಅವಳು ಕಾಲನ್ನು ಎಳೆದುಕೊಳ್ಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ತಪ್ಪಾತವ್ವಾ," ಎಂದೆ. "ನಿನ್ನ ಬೆರಳ ಹೋದದ್ದೂ ನಂದ ತಪ್ಪು, ಅವ್ವ ನಿನ್ನ ಬೈದದ್ದೂ ನಂದ ತಪ್ಪು. ನನಗ ಮಾಫಿ ಮಾಡು."