ಬಿಸಿನೀರು ತಣ್ಣೀರು ಸೇರುವ ಗೆರೆ

ಕುಣಿಗಲ್ಲಿನ ನಮ್ಮ ಮನೆಯ ಸೋಲಾರ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್, ಬಿಸಿನೀರಿನ ನಲ್ಲಿಗೊಂದು ಕೈ, ತಣ್ಣೀರಿನದಕ್ಕೊಂದು ಕೈ ಒಡ್ಡಿಯೇ ಮಾತು ಶುರು ಮಾಡುತ್ತಿದ್ದ. ಸಮುದ್ರ ಕಂಡವನಲ್ಲ. ಆದರೂ ಅವನ ಮೊಬೈಲಿನಲ್ಲಿ ಸದಾ ಸಮುದ್ರದ ನೀರು ಎಲ್ಲಿ ಎಷ್ಟು ಬಿಸಿಯೆಂದು ತೋರಿಸುವ ಬಣ್ಣಬಣ್ಣದ ಮ್ಯಾಪು.

"ಬಿಸಿನೀರು ತಣ್ಣೀರು ಸೇರೋ ಗೆರೆ ಐತಲ್ಲ, ದೊಡ್ಡ ಮೀನೆಲ್ಲ ಅಲ್ಲೇ ಇರೋದು ಕಣೋ" ಎನ್ನುತ್ತಿದ್ದ.

ಕೊನೆಗೊಮ್ಮೆ ಇಬ್ಬರೂ ಮಲ್ಪೆಗೆ ಹೋಗಿ ದೋಣಿ ಹತ್ತಿದೆವು. ಅವನು ಮ್ಯಾಪಿನಲ್ಲಿ ತೋರಿಸಿದ ಜಾಗದಲ್ಲೇ ನಾನು ಗಾಳ ಬಿಟ್ಟೆ. ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು. ತೋಳುದ್ದದ ಅಂಜಲ್ ಮೀನು!

"ನೀನು ಹೇಳಿದ್ದು ನಿಜ ಆಯ್ತು, ನೋಡೋ!" ಎಂದು ಕೂಗಿದೆ.

ಅವನು ತಿರುಗಲೇ ಇಲ್ಲ. ದೋಣಿಯಂಚಿಗೆ ಬಗ್ಗಿ, ಎರಡೂ ಕೈಗಳನ್ನು ಮೊಣಕೈವರೆಗೆ ನೀರಿಗಿಳಿಸಿ ಆಚೀಚೆ ತಡಕುತ್ತಿದ್ದ.

"ಮೀನಿರ್ಲಿ ಬುಡು. ಗೆರೆ ಎಲ್ಲೋ?"