ಗಜೇಂದ್ರಗಡದಲ್ಲಿ ಬಿಚ್ಚಿದ ಪದರಗಳು

ಬೆಳಿಗ್ಗೆ ಅಂಗಳ ಗುಡಿಸಿದೆ, ಎಮ್ಮೆ ಹಿಂಡಿದೆ, ಹಾಲಿಗೆ ಹೆಪ್ಪು ಹಾಕಿದೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ಬುತ್ತಿ ಕಟ್ಟಿದೆ. ಆಮೇಲೆ ಮಗಳು ಗಿರಿಜಾಳ ಜೊತೆ ನರಗುಂದದ ಬಸ್ ನಿಲ್ದಾಣಕ್ಕೆ ನಡೆದೆ.

ಪದರ ಪದರವಾಗಿರುವ ಹರಳುಗಳಲ್ಲಿ ಅಯಸ್ಕಾಂತ ಗುಣವೂ ಕರೆಂಟೂ ಹೇಗೆ ನಡೆದುಕೊಳ್ಳುತ್ತವೆ ಎಂಬುದು ಗಿರಿಜಾಳ ಸಂಶೋಧನೆ. ಅದನ್ನು ಕನ್ನಡದಲ್ಲಿ ಹೇಳಲು ಗಜೇಂದ್ರಗಡದ ಒಂದು ಹೆಣ್ಣುಮಕ್ಕಳ ಶಾಲೆ ಕರೆದಿತ್ತು. ಇಂಗ್ಲಿಷ್ ಸಭೆಗಳಿಗೆ ಅಂಜದವಳು ಇದಕ್ಕೆ ಅಂಜಿದ್ದಳು.

"ನಮ್ಮ ಹುಡುಗ್ಯಾರಿಗೇ ತಿಳಿಯೋಹಂಗ ಹೇಳಾಕ ಬರಲಿಲ್ಲಂದ್ರ, ನಾ ಏನ್ ಕಲ್ತಂಗಾತು ಅವ್ವಾ?"

ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆಯಾದ್ದರಿಂದ ಬಸ್ಸು ತುಂಬಿತ್ತು. ಎರಡೂ ಕಡೆ ಕರಿನೆಲದಲ್ಲಿ ಕಡಲೆ ಹಸಿರಾಗಿತ್ತು; ಗಾಳಿ ತಣ್ಣಗಿತ್ತು. ರೋಣದಲ್ಲಿ ಇಳಿದು ಚಹಾ ಕುಡಿಯುವಾಗ ಗಿರಿಜಾ ಚೀಲ ತಡಕಾಡಿದಳು. ಪಾಠಕ್ಕೆಂದು ಇಟ್ಟಿದ್ದ ಅಯಸ್ಕಾಂತದ ಡಬ್ಬಿ ಇರಲಿಲ್ಲ. ಗಜೇಂದ್ರಗಡದಲ್ಲೇ ಇರುವ ನನ್ನ ಅಕ್ಕನ ಮನೆಗೆ ಬರಿಗೈಲಿ ಹೋಗಬಾರದೆಂದು ನಾನೇ ಅದನ್ನು ತೆಗೆದು, ಆ ಜಾಗದಲ್ಲಿ ಬುತ್ತಿ ತುರುಕಿದ್ದೆ.

"ಪಾಠಾ ಮನ್ಯಾಗ ಬಿಟ್ಟು ರೊಟ್ಟಿ ಹೊತ್ಕೊಂಡ ಬಂದೀಯಲ್ಲ ಬೇ," ಎಂದಳು. ಮತ್ತೆ ಬಸ್ ಹತ್ತಿ, ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳು ಕಾಣುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಶಾಲೆಯಲ್ಲಿ ಮೊದಲು ಬೋರ್ಡಿನ ಮೇಲೆ ಬರೆದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಸೀಮೆಸುಣ್ಣ ಕೆಳಗಿಟ್ಟು ನನ್ನಿಂದ ಬುತ್ತಿ ಈಸಿಕೊಂಡಳು. ಒಂದು ರೊಟ್ಟಿ ಇಟ್ಟು, ಅದರ ಮೇಲೆ ಕೆಲವು ಮೆಣಸಿನಕಾಯಿಗಳನ್ನು ಬಾಗಿಲ ಕಡೆ ತುದಿ ಮಾಡಿ ಸಾಲಾಗಿ ಜೋಡಿಸಿದಳು. ಅವುಗಳ ಮೇಲೆ ಇನ್ನೊಂದು ರೊಟ್ಟಿ ಇಟ್ಟು, ಅದರಲ್ಲಿ ತುದಿಗಳನ್ನು ಎದುರಿನ ಕಿಟಕಿಯ ಕಡೆ ತಿರುಗಿಸಿದಳು. ರೊಟ್ಟಿ ಅಂದರೆ ಪದರ, ಮೆಣಸಿನಕಾಯಿ ಅಂದರೆ ಅದರೊಳಗಿನ ಪುಟ್ಟ ಅಯಸ್ಕಾಂತ; ಕೆಲವು ಹರಳುಗಳು ಹೀಗೆಯೇ. ಎರಡು ಪದರವಾದರೆ ಒಂದರ ಸೆಳೆತವನ್ನು ಇನ್ನೊಂದು ಅಳಿಸುತ್ತದೆ, ಮೂರಾದರೆ ಒಂದರದು ಉಳಿಯುತ್ತದೆ ಎಂದಳು. ಕರೆಂಟು ಪದರ ದಾಟಲು ಒದ್ದಾಡುತ್ತದೆ, ತುದಿಗಳೆಲ್ಲ ಒಂದೇ ಕಡೆ ತಿರುಗಿದರೆ ಸರಾಗ ದಾಟುತ್ತದೆ ಎಂದೂ ಹೇಳಿದಳು.

ಹಿಂದಿನ ಬೆಂಚಿನವರು ಮುಂದೆ ಬಂದರು. ಎರಡು ಜಡೆಯ ಒಬ್ಬಳು ಕೇಳಿದಳು: "ಮ್ಯಾಲಿನ ಪದರಕ್ಕ ಕೆಳಗಿನ ಪದರದ ತುದಿ ಯಾ ಕಡೆ ಐತಿ ಅಂತ ಹ್ಯಾಂಗ ಗೊತ್ತಾಗ್ತೈತ್ರಿ ಅಕ್ಕಾರ?"

ಗಿರಿಜಾ ನಕ್ಕಳು. "ನಾ ಹುಡುಕಾಕತ್ತಿದ್ದೂ ಅದನ್ನ. ನನ್ನ ಹರಳಿನಾಗ ಇನ್ನೂ ಪೂರಾ ತಿಳದಿಲ್ಲ. ನೀನೂ ಬಾ, ಕೂಡೇ ಹುಡುಕೂಣು."

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ರೊಟ್ಟಿಯನ್ನೆಲ್ಲ ಅವರೇ ಮುರಿದು ತಿಂದರು.

ಸಂಜೆ ಅಕ್ಕನ ಮನೆಗೆ ಬರಿಗೈಲೇ ಹೋದೆವು. ಬದನೆಕಾಯಿ ಎಣ್ಣೆಗಾಯಿ, ಜೋಳದ ನುಚ್ಚು, ಮಜ್ಜಿಗೆ ಉಂಡೆವು. ನಿನ್ನ ಮಗಳು ಓದುವುದಾದರೂ ಏನು ಎಂದು ಅಕ್ಕ ಪ್ರತಿಸಲದಂತೆ ನನ್ನನ್ನೇ ಕೇಳಿದಳು. ಈ ಸಲ ನಾನು ನೆಟ್ಟಗೆ ಕೂತು ಹೇಳಿದೆ. ಎರಡನೆಯ ಪದರಕ್ಕೆ ಬರುವಷ್ಟರಲ್ಲಿ ಗಿರಿಜಾ ಮಲಗಿಬಿಟ್ಟಿದ್ದಳು. ಅಕ್ಕ ಮಾತ್ರ ಮುಂದೆ ಹೇಳು ಎಂದು ಹತ್ತಿರ ಸರಿದಳು.